ಕುಡಿಯದೆ ಇಟ್ಟ ಬಟ್ಟಲು

ಐನ್ ಅಲ್‌ಲೋಜ್, ಮೆಟ್ಟಿಲು ಓಣಿ
ನವೆಂಬರ್ 12, ಮಂಗಳವಾರ

ಪ್ರೀತಿಯ ಅಬೂ ಗೈಥ್ ಅವರಿಗೆ,

ಹೇಗಿದ್ದೀರಿ? ಹೊಲಿಗೆಯ ಜಾಗ ಒಣಗಿದೆ, ಸಕ್ಕರೆ ಹತೋಟಿಯಲ್ಲಿದೆ, ಊಟ ಮಾತ್ರ ಸೇರುತ್ತಿಲ್ಲ ಎಂದು ಮಗ ಗೈಥ್ ಹೇಳಿದ. ಊಟದ ಮಾತು ನನಗೆ ಹೊಸದಲ್ಲ. ಮದುವೆಯಾದಂದಿನಿಂದ ನನ್ನ ಅಡುಗೆಯನ್ನೂ ಉಪ್ಪು ಸಾಲದು ಎನ್ನುತ್ತಲೇ ತಟ್ಟೆ ಖಾಲಿ ಮಾಡಿದವರು ನೀವು. ಇಲ್ಲದ ಪಾದ ತುರಿಸುತ್ತದೆ ಎಂದು ನರ್ಸಮ್ಮನ ಹತ್ತಿರ ದೂರು ಹೇಳಿದಿರಂತೆ. ಆ ಪಾದ ಇದ್ದಾಗ ಅದರ ಹುಣ್ಣಿನ ಬಗ್ಗೆ ಇಷ್ಟು ಕಾಳಜಿಯಿಂದ ಯಾರ ಹತ್ತಿರವಾದರೂ ದೂರಿದ್ದರೆ ಅದು ಇವತ್ತೂ ಇರುತ್ತಿತ್ತು. ಇರಲಿ, ಬೈಯುವುದಕ್ಕೆಂದು ಬರೆಯಲು ಕೂತಿಲ್ಲ. ಈ ಕಾಗದದ ಜೊತೆ ಒಂದು ಜಾಡಿ ಮಕ್ದೂಸ್ ಕಳಿಸುತ್ತಿದ್ದೇನೆ. ಈ ಸಲ ಬದನೆಕಾಯಿ ಚಿಕ್ಕವೇ ಸಿಕ್ಕವು, ಅಕ್ರೋಟನ್ನು ಧಾರಾಳವಾಗಿ ತುಂಬಿದ್ದೇನೆ, ಎಣ್ಣೆ ನಮ್ಮ ಮರದ್ದೇ. ಪಕ್ಕದ ಹಾಸಿಗೆಯವರಿಗೂ ಕೊಡಿ. ಜಾಡಿ ಮಾತ್ರ ಮರಳಿ ಬರಬೇಕು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನನ್ನ ಎರಡನೇ ಮಾತಿಗೇ ನೀವು "ದೇವರ ದಯೆ, ಎಲ್ಲಾ ಸರಿ ಇದೆ" ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ. ಗುರುವಾರ ಆಸ್ಪತ್ರೆಯಿಂದ ಬಿಡುತ್ತಾರೆ ಎಂದೂ, ಅಲ್ಲಿಂದ ನೀವು ಮನೆಗೆ ಬಾರದೆ ಅಮ್ಮಾನಿನಲ್ಲೇ ಆ ಧರ್ಮಾರ್ಥ ವೃದ್ಧಾಶ್ರಮಕ್ಕೆ ಸೇರುತ್ತೀರಿ ಎಂದೂ ಗೈಥ್ ಹೇಳಿದ. ಅವನ ಮನೆ ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ನಮ್ಮ ಮನೆಗೋ ಮೆಟ್ಟಿಲೇ ದಾರಿ. ಸೆಪ್ಟೆಂಬರಿನಲ್ಲಿ ನೆರೆಯ ಉಮ್ಮ್ ನಾಯೆಫ್‌ಳ ಗಂಡುಮಕ್ಕಳು ನಿಮ್ಮನ್ನು ಕುರ್ಚಿಯ ಸಮೇತ ಹೊತ್ತು ಇಳಿಸುವಾಗ ನೀವು ಆಡಿದ ಮಾತು ನಿಮಗೆ ಜ್ವರದಲ್ಲಿ ಮರೆತಿರಬಹುದು, ಓಣಿಗೆ ಮರೆತಿಲ್ಲ. "ಇನ್ನೊಂದು ಸಲ ಈ ಮೆಟ್ಟಿಲ ಮೇಲೆ ನನ್ನನ್ನ ಹೊತ್ತರೆ ಹೆಣಾನೇ ಹೊರಬೇಕು. ಬದುಕಿದ್ದಾಗ ಯಾರ ಹೆಗಲೂ ಬೇಡ ನಂಗೆ" ಅಂದಿರಿ. ನಾನು ಚಪ್ಪಲಿ ಹಿಡಿದುಕೊಂಡು ಹಿಂದೆ ಬರುತ್ತಿದ್ದೆ. ಎರಡೂ ಕಾಲಿನ ಚಪ್ಪಲಿ ಹಿಡಿದಿದ್ದೆ.

ಇನ್ನು ಇಲ್ಲಿನ ಸುದ್ದಿ. ನೀವು ಹೋದ ಮೇಲೆ ಓಣಿಯವರು ಅಬೂ ಈಸಾನ ಕ್ಷೌರದ ಅಂಗಡಿಯಲ್ಲಿ ಸಭೆ ಸೇರಿದರು. ಮೇಲಿನ ರಸ್ತೆಯಿಂದ ನಮ್ಮ ಹಿತ್ತಿಲಿಗೆ ಇಳಿಯುವ ಕಚ್ಚಾ ದಾರಿ ಇದೆಯಲ್ಲ, ಪ್ರತಿ ಮಳೆಗಾಲ ಕೊಚ್ಚಿಹೋಗಿ ಕತ್ತೆಯೂ ಇಳಿಯಲು ಹಿಂದೆಮುಂದೆ ನೋಡುವಂಥದ್ದು, ಅದಕ್ಕೆ ಪುರಸಭೆ ಕಾಂಕ್ರೀಟ್ ಹಾಕಿಸಿಕೊಟ್ಟರೆ ನಿಮ್ಮ ಗಾಲಿಕುರ್ಚಿ ಕಾರಿನಿಂದ ಇಳಿದು ನೇರ ಅಡುಗೆಮನೆಯ ಬಾಗಿಲಿಗೆ ಬರುತ್ತದೆ ಎಂದು ಎಲ್ಲರೂ ಒಪ್ಪಿದರು. ಜೊತೆಗೆ ಮೆಟ್ಟಿಲ ನಡುವೆ ಒಡೆದ ಚರಂಡಿ ಚಪ್ಪಡಿ, ಉರಿಯದ ದೀಪ, ವಾರಗಟ್ಟಲೆ ಎತ್ತದ ಕಸ, ಇವನ್ನೂ ಹೇಳಬೇಕೆಂದಾಯಿತು. ಈ ವರ್ಷ ಒಂದೇ ಒಂದು ಬಡಾವಣೆಗೆ ದಾರಿಯ ಕೆಲಸ ಸಿಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅಬೂ ಈಸಾ ಭಾನುವಾರ ಚರ್ಚಿಗೆ ಹಾಕುವ ಕೋಟು ತೊಟ್ಟು ಪುರಸಭೆಗೆ ಹೋದ. ಹೊಸ ಅಧ್ಯಕ್ಷರು, ಆ ಎಂಜಿನಿಯರ್ ಹಾಝಿಮ್, ಒಳ್ಳೆಯ ಹುಡುಗ. "ಕಾಗದದಲ್ಲಿ ಯಾಕೆ, ನಾನೇ ಬಂದು ಕಣ್ಣಾರೆ ನೋಡ್ತೀನಿ" ಅಂದನಂತೆ. ಈ ಸುದ್ದಿ ಹೊತ್ತು ಬಂದ ಅಬೂ ಈಸಾ ಮೆಟ್ಟಿಲ ಕೆಳಗಿನಿಂದಲೇ ಕೂಗಿ ಹೇಳಿದ. ಆ ಕೂಗಿನಲ್ಲೇ ನಮ್ಮ ಕೆಲಸ ಕೆಟ್ಟಿತು.

ಯಾಕೆಂದರೆ ಅತಿಥಿ ಬರುತ್ತಾರೆ ಅಂತಾಯಿತಲ್ಲ. ಉಮ್ಮ್ ನಾಯೆಫ್ ತೋಳು ಮಡಿಸಿ ನಿಂತಳು. "ಅಧ್ಯಕ್ಷ ಬಂದು ನಮ್ಮ ಓಣಿಯ ಗಲೀಜು ನೋಡೋದಾ? ಊರೆಲ್ಲ ಏನನ್ನುತ್ತೆ? ನಮ್ಮ ಮಾನ ಏನಾಗ್ಬೇಕು?" ಅಂದಳು. ಅವನು ನೋಡಬೇಕಾದದ್ದೇ ಗಲೀಜನ್ನು ಎಂದು ಆ ಕ್ಷಣ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕಸವನ್ನೆಲ್ಲ ಗಂಡಸರು ತಮ್ಮ ಗಾಡಿಗಳಲ್ಲಿ ತುಂಬಿ ಊರಾಚೆ ಸುರಿದು ಬಂದರು. ಮೆಟ್ಟಿಲುಗಳನ್ನು ಸೋಪು ಹಾಕಿ ಉಜ್ಜಿದೆವು, ಗೋಡೆಗೆ ಸುಣ್ಣ ಬಳಿದೆವು. ಚರಂಡಿಯ ಒಡೆದ ಚಪ್ಪಡಿಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ಉಮ್ಮ್ ನಾಯೆಫ್ ತನ್ನ ಮದುವೆಯ ಕಂಬಳಿ ಹಾಸಿದಳು. ಉರಿಯದ ದೀಪಕ್ಕೆ ಯಾರೋ ತಮ್ಮ ಮನೆಯಿಂದ ತಂತಿ ಎಳೆದು ಉರಿಸಿದರು. ಕಚ್ಚಾ ದಾರಿಯ ಹೊಂಡಗಳಿಗೆ ಕಲ್ಲು ತುಂಬಿ, ಮೇಲೆ ಮಣ್ಣು ಹರಡಿ, ಹದವಾಗಿ ನೀರು ಚಿಮುಕಿಸಿ, ಎರಡು ಬದಿಗೂ ತುಳಸಿಗಿಡದ ಡಬ್ಬಿಗಳನ್ನು ಸಾಲಾಗಿ ಇಟ್ಟರು. ಆ ಡಬ್ಬಿಗಳಲ್ಲಿ ಅರ್ಧ ನಮ್ಮವು. ನಾನೇ ಹೊತ್ತು ತಂದು ಇಟ್ಟೆ, ನನ್ನ ಸೊಂಟವೇ ಸಾಕ್ಷಿ.

ಅಧ್ಯಕ್ಷ ಬಂದ ದಿನದ ವೈಭವ ನೀವು ನೋಡಬೇಕಿತ್ತು. ಅವನ ಕಾರು ಮೇಲಿನ ರಸ್ತೆಯಿಂದ ಆ ಕಚ್ಚಾ ದಾರಿಯಲ್ಲೇ ಇಳಿದು ನಮ್ಮ ಹಿತ್ತಿಲಲ್ಲಿ ನಿಂತಿತು. ಕುಲುಕಲೂ ಇಲ್ಲ. ಜೊತೆಗೆ ನಮ್ಮ ವಾರ್ಡಿನಿಂದ ಗೆದ್ದ ರುಬಾ ಟೀಚರೂ ಬಂದಿದ್ದಳು. ಅಬೂ ಈಸಾ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ, ಆದರೆ ಬಂದವರ ಕೈಗೆ ಮೊದಲು ಕಾಫಿ ಕೊಡದೆ ಮಾತು ಹೇಗೆ ಎತ್ತುವುದು? ಕಾಫಿ ಆಯಿತು, ಅಧ್ಯಕ್ಷ ಬಟ್ಟಲು ಅಲ್ಲಾಡಿಸಿ ಸಾಕೆಂದ. ಅಷ್ಟರಲ್ಲಿ ಉಮ್ಮ್ ನಾಯೆಫ್‌ಳ ಅಂಗಳಕ್ಕೆ ಮನ್ಸಫ್‌ನ ಹರಿವಾಣ ಬಂತು. ಇಡೀ ಕುರಿ, ಮೇಲೆ ಹುರಿದ ಬಾದಾಮಿ. ಉಣ್ಣುತ್ತಿರುವ ಅತಿಥಿಯ ಎದುರು ಚರಂಡಿಯ ಮಾತು ಆಡುವವರು ಯಾರು? ಕೊನೆಗೆ ಅವನೇ ಕೈ ತೊಳೆದುಕೊಂಡು ಓಣಿಯನ್ನು ಸುತ್ತ ನೋಡಿ, "ನಿಜ ಹೇಳ್ಬೇಕಂದ್ರೆ ಊರಲ್ಲೆಲ್ಲ ಇಷ್ಟು ಚೊಕ್ಕಟವಾದ ಜಾಗ ನಾನು ನೋಡಿಲ್ಲ. ದಾರಿ ಅಂತೂ ಚೆನ್ನಾಗೇ ಇದೆ. ನಿಮಗೇನಾದ್ರೂ ಕೊರತೆ ಇದ್ರೆ ಹೇಳಿ" ಅಂದ. ಅದೇ ಸಮಯ. ಅಬೂ ಈಸಾ ಗಂಟಲು ಸರಿಮಾಡಿಕೊಂಡ. ಅವನಿಗಿಂತ ಮುಂಚೆ ಉಮ್ಮ್ ನಾಯೆಫ್ ಎದೆಯ ಮೇಲೆ ಕೈಯಿಟ್ಟು, "ನಿಮ್ಮ ಪಾದ ನಮ್ಮ ಅಂಗಳಕ್ಕೆ ಬಿದ್ದ ಮೇಲೆ ನಮಗಿನ್ನೇನಪ್ಪಾ ಕೊರತೆ?" ಅಂದುಬಿಟ್ಟಳು. ನನ್ನ ಕೈಯಲ್ಲಿ ಚಹಾದ ತಟ್ಟೆಯಿತ್ತು. ನಿಮ್ಮ ಕಾಲಿನ ವಿಷಯ ನಾಲಗೆಯ ತುದಿಗೆ ಬಂದಿತ್ತು. ಬಾಯಿಂದ ಬಂದದ್ದು ಮಾತ್ರ, "ಇನ್ನೊಂದು ಲೋಟ ತಗೊಳ್ಳಿ ಮಗನೇ" ಎಂದು.

ಮುಂದಿನದನ್ನು ನೀವೇ ಊಹಿಸಬಹುದು. ದಾರಿಯ ಕೆಲಸ ಪಡುವಣ ಬಡಾವಣೆಗೆ ಹೋಯಿತು. ಅಲ್ಲಿಯವರು ಕಸ ಗುಡಿಸಲಿಲ್ಲ, ಕುರಿ ಕೊಯ್ಯಲಿಲ್ಲ. ಅಧ್ಯಕ್ಷನ ಒಂದು ಬೂಟು ಅವರ ಕೊಚ್ಚೆಯಲ್ಲಿ ಹೂತುಹೋಗಿ, ಅದನ್ನು ಎಳೆಯಲು ಇಬ್ಬರು ಬೇಕಾಯಿತಂತೆ. ಜಾಣರು. ನಮಗೆ ರುಬಾ ಟೀಚರ ಕೈಯಲ್ಲಿ ಮಾದರಿ ಬಡಾವಣೆ ಎಂದು ಒಂದು ಹೊಗಳಿಕೆಯ ಪತ್ರ ಬಂತು, ಅದನ್ನು ಅಬೂ ಈಸಾ ಅಂಗಡಿಯ ಕನ್ನಡಿಯ ಪಕ್ಕ ಅಂಟಿಸಿದ್ದಾನೆ. ಮರುವಾರ ಮೊದಲ ಮಳೆ ಬಿತ್ತು. ಮಣ್ಣು, ಕಲ್ಲು, ತುಳಸಿ ಡಬ್ಬಿ ಎಲ್ಲ ಕೂಡಿ ನಮ್ಮ ಹಿತ್ತಿಲಿಗೇ ಬಂದವು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಗು ಬಂತು, ಆಮೇಲೆ ಸುಮ್ಮನೆ ಅಲ್ಲೇ ಕೂತೆ. ಅವತ್ತೇ ಗೈಥ್ ಫೋನು ಮಾಡಿ ನೀವು ವೃದ್ಧಾಶ್ರಮಕ್ಕೆ ಹೆಸರು ಕೊಟ್ಟಿದ್ದನ್ನು ಹೇಳಿದ್ದು. ದಾರಿಯ ಕೆಲಸ ನಮ್ಮ ಕೈತಪ್ಪಿದ್ದು ನಿಮಗೆ ಅವನಿಂದ ತಿಳಿದಿತ್ತೆಂದು ಕಾಣುತ್ತದೆ.

ಓಣಿಯಲ್ಲಿ ದೊಡ್ಡ ಜಗಳ ಆಯಿತು. ಅಬೂ ಈಸಾ ಉಮ್ಮ್ ನಾಯೆಫ್‌ಳ ಬಾಗಿಲಿಗೇ ಹೋಗಿ, "ಕೊರತೆ ಇಲ್ಲ ಅಂದ್ಯಲ್ಲ ತಾಯಿ, ಈಗ ನೀನೇ ಕಾಂಕ್ರೀಟ್ ಕಲಸು ಬಾ" ಅಂದ. ಅವಳು ಬಿಡುವವಳೇ? "ನೀನ್ಯಾಕೆ ಗಂಟಲು ಸರಿಮಾಡ್ಕೊಂಡು ನಿಂತೆ? ಕತ್ತರಿ ಹಿಡಿದಾಗ ನಿನ್ನ ಬಾಯಿಗೆ ಬಿಡುವೇ ಇರಲ್ಲ, ಅವತ್ತು ಮನ್ಸಫ್ ತುರುಕಿಕೊಂಡಿತ್ತಾ?" ಅಂದಳು. ಆಮೇಲೆ ನಮ್ಮ ಮನೆಗೆ ಬಂದು ಅತ್ತಳು. ನಾನು ಅವಳಿಗೆ ಏನೂ ಅನ್ನಲಿಲ್ಲ. ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾವೆಲ್ಲ ಬಾಯಿಮುಚ್ಚಿ ಹೇಳಿದ್ದೆವು. ಅವಳು ಅಳುತ್ತಿರುವಾಗ ನನಗೆ ತಪ್ಪು ಎಲ್ಲಿ ಆಯಿತೆಂದು ತಿಳಿಯಿತು. ಬೇಡುವವರು ಬೇಡಿಕೆ ಹಿಡಿದು ಕೊಡುವವನ ಮನೆಗೆ ಹೋಗಬೇಕು, ಅವನು ಕೊಟ್ಟ ಕಾಫಿಯನ್ನು ಕುಡಿಯದೆ ಮುಂದಿಡಬೇಕು. ನಮ್ಮ ಗೈಥ್‌ಗೆ ಹೆಣ್ಣು ಕೇಳಲು ಹೋದಾಗ ನಿಮ್ಮ ಅಣ್ಣ ಹಾಗೆಯೇ ಇಟ್ಟು ಕೂತಿದ್ದ, ಬೀಗರು "ಕುಡೀರಿ, ನೀವು ಕೇಳಿದ್ದು ಆಯ್ತು" ಎನ್ನುವವರೆಗೆ. ನಾವೋ ಕೊಡುವವನನ್ನೇ ನಮ್ಮ ಅಂಗಳಕ್ಕೆ ಕರೆದು, ನಮ್ಮ ಕಾಫಿ ಕುಡಿಸಿ, ಅವನನ್ನು ಅತಿಥಿ ಮಾಡಿ ಕೂರಿಸಿದೆವು. ಆಮೇಲೆ ಅವನ ಹತ್ತಿರ ಏನು ಕೇಳಲು ಬರುತ್ತದೆ?

ಹಾಗಾಗಿ ನಿನ್ನೆ ನಾವು ಮೂವರು ಪುರಸಭೆಗೆ ಹೋದೆವು. ಅಬೂ ಈಸಾ ಅದೇ ಕೋಟಿನಲ್ಲಿ, ಉಮ್ಮ್ ನಾಯೆಫ್ ಕಸೂತಿಯ ಕಪ್ಪು ಅಂಗಿಯಲ್ಲಿ, ನಾನು ಎಂದಿನ ಹಾಗೆ. ಅಧ್ಯಕ್ಷನ ಕೋಣೆ ತುಂಬ ಜನ. ಅವನು ಎದ್ದು ನಿಂತು ನಮ್ಮನ್ನು ಕೂರಿಸಿದ, ಕಾಫಿ ಬಂತು. ಮೂವರೂ ಬಟ್ಟಲು ತೆಗೆದುಕೊಂಡು ಮುಂದಿದ್ದ ಮೇಜಿನ ಮೇಲೆ ಇಟ್ಟೆವು. ಕೋಣೆಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. "ಕುಡೀರಿ ಚಿಕ್ಕಮ್ಮ, ಆರಿಹೋಗುತ್ತೆ" ಅಂದ ನನಗೆ. "ಆರಲಿ ಮಗನೇ" ಅಂದೆ. ಅವನು ಎಂಜಿನಿಯರ್ ಆದರೂ ಈ ಬೆಟ್ಟದಲ್ಲೇ ಹುಟ್ಟಿದವನು, ಮೂರು ಬಟ್ಟಲು ಹಾಗೇ ಬಿಟ್ಟು ನಾವು ಎದ್ದುಹೋದರೆ ಸಂಜೆಯೊಳಗೆ ಊರೆಲ್ಲ ಏನು ಮಾತಾಡುತ್ತದೆಂದು ಅವನಿಗೆ ಗೊತ್ತು. ಅಬೂ ಈಸಾ ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ, ನೇರ ಹೇಳಿದ. ಚರಂಡಿ, ದೀಪ, ಕಸ, ಕೊನೆಗೆ ದಾರಿ. ಅಧ್ಯಕ್ಷ ಹಣೆ ಉಜ್ಜಿಕೊಂಡ. "ನನ್ನ ಕಾರೇ ಆ ದಾರೀಲಿ ಇಳೀತಲ್ಲ! ಅವತ್ತು ನಿಮ್ಮಲ್ಲಿ ಒಬ್ರಾದ್ರೂ ಬಾಯಿ ಬಿಟ್ರಾ?" ಎಂದ. "ಅತಿಥಿ ಎದುರು ಮನೆ ಹುಳುಕು ಹೇಳೋಕಾಗುತ್ತಾ?" ಎಂದಳು ಉಮ್ಮ್ ನಾಯೆಫ್. "ನಾನು ಅತಿಥಿ ಅಲ್ಲಮ್ಮ, ನೀವೇ ಓಟು ಹಾಕಿ ಆರಿಸಿದೋನು!" "ಆರಿಸಿದ್ರೇನು, ಬಾಗಿಲಿಗೆ ಬಂದ ಮೇಲೆ ಅತಿಥಿನೇ." ಕೋಣೆಯಲ್ಲಿದ್ದವರೆಲ್ಲ ನಕ್ಕರು, ಅವನೂ ನಕ್ಕ. ಆದರೆ ಬಟ್ಟಲುಗಳು ಹಾಗೇ ಇದ್ದವು.

ಚಪ್ಪಡಿ, ದೀಪ ಈ ತಿಂಗಳೇ ಆಗುತ್ತದೆ, ಕಸದ ಲಾರಿಗೂ ಹೇಳುತ್ತೇನೆ ಅಂದ. ಅಬೂ ಈಸಾ, ಉಮ್ಮ್ ನಾಯೆಫ್ ಬಟ್ಟಲಿಗೆ ಕೈ ಹಾಕಿದರು. ನಾನು ಹಾಕಲಿಲ್ಲ. "ದಾರಿ ಈ ವರ್ಷ ನನ್ನ ಕೈಯಲ್ಲಿಲ್ಲ ಚಿಕ್ಕಮ್ಮ, ಆ ಕೆಲಸ ಆಗಲೇ ಬೇರೆಯವರದ್ದಾಯ್ತು, ಬರೋ ವರ್ಷ ಖಂಡಿತ" ಅಂದ. ಸುಳ್ಳು ಹೇಳುತ್ತಿಲ್ಲವೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಬರುವ ವರ್ಷ ಅನ್ನುವುದು ಗುರುವಾರ ಅಲ್ಲವಲ್ಲ. ಆಗ ನನ್ನ ಬಾಯಿಂದ ನಾನೇ ಯೋಚಿಸದೆ ಇದ್ದ ಮಾತು ಬಂತು. ಮೆಟ್ಟಿಲ ಬುಡದಲ್ಲಿ, ಕೆಳಗಿನ ರಸ್ತೆಗೆ ಮುಖ ಮಾಡಿದ ಪೌರಕಾರ್ಮಿಕರ ಕೋಣೆ ಇದೆಯಲ್ಲ, ಕಸ ಎತ್ತಲು ಲಾರಿ ಬಂದ ಮೇಲೆ ಬೀಗ ಬಿದ್ದದ್ದು, ಅದನ್ನು ಕೊಡು ಅಂದೆ. "ಅದ್ಯಾಕೆ ನಿಮಗೆ?" "ನಮ್ಮ ಮನೆಯವರು ಮೇಲೆ ಹತ್ತಿ ಬರೋಕಾಗಲ್ಲ, ನಾನು ಇಳಿದು ಬರ್ತೀನಿ." ಅಧ್ಯಕ್ಷ ತನ್ನ ಗುಮಾಸ್ತರ ಕಡೆ ನೋಡಿದ. ಪುರಸಭೆಯ ಕೋಣೆಯಲ್ಲಿ ಸಂಸಾರ ಇರಲು ಬಿಡಬಹುದೋ ಇಲ್ಲವೋ ಎಂದು ಒಬ್ಬ ಗುಮಾಸ್ತ ಗೊಣಗಿದ. ರುಬಾ ಟೀಚರ್ ಅವನ ಕಡೆ ತಿರುಗಿ, "ದಾರಿ ಆಗೋ ತನಕ ಬಾಡಿಗೆಗೆ ಕೊಡೋಣ, ಮುಂದಿನ ಸಭೇಲಿ ನಾನೇ ಮಂಡಿಸ್ತೀನಿ, ಬೇಡ ಅನ್ನೋರು ಅವರ ಎದುರೇ ಬೇಡ ಅನ್ನಲಿ" ಅಂದಳು. ಅಧ್ಯಕ್ಷ ಕಪಾಟಿನಿಂದ ಕೀಲಿ ತೆಗೆಸಿ ನನ್ನ ಬಟ್ಟಲ ಪಕ್ಕ ಇಟ್ಟ. "ಕುಡೀರಿ ಚಿಕ್ಕಮ್ಮ, ನೀವು ಕೇಳಿದ್ದು ಆಯ್ತು." ಕುಡಿದೆ. ಪೂರ್ತಿ ಆರಿತ್ತು, ಏಲಕ್ಕಿಯೂ ಕಡಿಮೆ. ಪುರಸಭೆಯ ಕಾಫಿ ಅಷ್ಟೇ.

ಇವತ್ತು ಬೆಳಗ್ಗೆಯಿಂದ ಓಣಿಯೆಲ್ಲ ಆ ಕೋಣೆಯಲ್ಲೇ ಇದೆ. ಕೋಣೆ ದೊಡ್ಡದಲ್ಲ, ನಮ್ಮ ಮೇಲಿನ ಮನೆಯ ಹಜಾರದ ಅರ್ಧದಷ್ಟು ಇದ್ದೀತು. ಹಿಂಬದಿಯಲ್ಲಿ ನಲ್ಲಿ, ಬಚ್ಚಲು ಇದೆ. ಪೊರಕೆಯ ವಾಸನೆ ಹೋಗಲು ಉಮ್ಮ್ ನಾಯೆಫ್ ಎರಡು ಸಲ ಸುಣ್ಣ ಹೊಡೆಸಿದಳು. ಈ ಸಲ ಸುಣ್ಣ ಹೊಡೆಯುವುದು ಯಾರ ಕಣ್ಣಿಗೂ ಅಲ್ಲ ಎಂದು ಅವಳೇ ಅಂದು ನಕ್ಕಳು. ಅವಳ ಮದುವೆಯ ಕಂಬಳಿ ಈಗ ನಮ್ಮ ಹಾಸಿಗೆಯ ಪಕ್ಕ ಇದೆ, ಬೇಡ ಅಂದರೆ ಜಗಳವಾಗುತ್ತಿತ್ತು. ಅಬೂ ಈಸಾ ಬಾಗಿಲ ಹೊಸ್ತಿಲು ಕೀಳಿಸಿ ನೆಲ ಸಮ ಮಾಡಿಸಿದ, ಗಾಲಿಗೆ ತಡೆಯಾಗಬಾರದೆಂದು. ಕಿಟಕಿಯಿಂದ ರಸ್ತೆ ಕಾಣುತ್ತದೆ. ನೀವು ಓಡಿಸುತ್ತಿದ್ದ ಶಾಲಾ ಬಸ್ಸು ಮಧ್ಯಾಹ್ನ ಅಲ್ಲೇ ತಿರುಗುತ್ತದೆ, ಹೊಸ ಡ್ರೈವರ್ ತಿರುವಿನಲ್ಲಿ ಬ್ರೇಕು ಹೊಡೆಯುವುದು ಕೇಳಿದರೆ ನಿಮಗೆ ದಿನಾ ಬೈಯಲು ವಿಷಯ ಸಿಗುತ್ತದೆ. ನಿಮ್ಮ ರೇಡಿಯೋ ಇಳಿಸಿದ್ದೇನೆ, ಚಪ್ಪಲಿಯನ್ನೂ ಇಳಿಸಿದ್ದೇನೆ. ಒಂದೇ ಕಾಲಿನದ್ದು. ಇನ್ನೊಂದನ್ನು ಮೇಲೆಯೇ ಇಟ್ಟಿದ್ದೇನೆ, ಬಿಸಾಡಲು ಮನಸ್ಸು ಬರಲಿಲ್ಲ. ಮೇಲಿನ ಮನೆ ಎಲ್ಲಿಗೂ ಹೋಗುವುದಿಲ್ಲ, ದಾರಿಯಾದ ದಿನ ನೋಡೋಣ. ಮೆಟ್ಟಿಲು ಹತ್ತದೆ ಒಂದು ದಿನ ಕಳೆದದ್ದಕ್ಕೆ ನನ್ನ ಮಂಡಿಗಳು ಈಗಾಗಲೇ ನಿಮ್ಮನ್ನು ಹರಸುತ್ತಿವೆ.

ಅಬೂ ಈಸಾ ಸಲಾಮು ಹೇಳಿದ್ದಾನೆ, ನಿಮ್ಮ ಗಡ್ಡವನ್ನು ಬೇರೆ ಯಾರ ಕೈಗೂ ಕೊಡಬೇಡಿ ಎಂದಿದ್ದಾನೆ. ಉಮ್ಮ್ ನಾಯೆಫ್ ಕ್ಷಮೆ ಕೇಳಿದ್ದಾಳೆ, ಅದನ್ನು ಬರೆಯಲೇಬೇಕೆಂದು ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ, ನರ್ಸಮ್ಮನ ಜೊತೆ ವಾದ ಮಾಡಬೇಡಿ. ದೇವರು ನಿಮ್ಮ ಉಳಿದ ಕಾಲನ್ನು, ನಿಮ್ಮ ಉಳಿದ ಸಿಟ್ಟನ್ನು ಕಾಪಾಡಲಿ, ಎರಡೂ ನನಗೆ ಬೇಕು.

ನಿಮ್ಮ
ಉಮ್ಮ್ ಗೈಥ್

ತಾ.ಕ.: ಬುಧವಾರ, ಅಮ್ಮಾನ್. ಇದನ್ನು ಗೈಥ್‌ನ ಕೈಗೆ ಕೊಟ್ಟು ಕಳಿಸುವುದೆಂದಿದ್ದೆ. ಬೆಳಗ್ಗೆ ಅವನು ಊರಿಗೆ ಬಂದು ಜಾಡಿಯನ್ನು ಕಾರಿನಲ್ಲಿ ಇಡುವಾಗ ಅನಿಸಿತು, ಕಾಗದವನ್ನೂ ನೀವು ಮಡಿಸಿ ದಿಂಬಿನ ಕೆಳಗೆ ಇಟ್ಟು "ಎಲ್ಲಾ ಸರಿ ಇದೆ" ಅಂದುಬಿಡುತ್ತೀರಿ. ಅದಕ್ಕೇ ನಾನೂ ಬಂದಿದ್ದೇನೆ. ಆಸ್ಪತ್ರೆಯ ಬಾಗಿಲ ಎದುರಿನ ಬೆಂಚಿನ ಮೇಲೆ ಕೂತು ಇಷ್ಟನ್ನು ಗೀಚಿ ಗೈಥ್‌ನ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ, ನಿಮ್ಮ ಹಾಸಿಗೆಗಳ ಸಾಲಿನ ಕೊನೆಯ ಕಿಟಕಿಯಿಂದ ಕಾಣುತ್ತೇನೆ. ಕ್ಯಾಂಟೀನಿನವನು ಕಾಫಿ ತಂದು ಪಕ್ಕದಲ್ಲಿ ಇಟ್ಟಿದ್ದಾನೆ. ನಾನು ಮುಟ್ಟಿಲ್ಲ. ನೀವಿಲ್ಲದೆ ಮೇಲಿನ ಮನೆಯೂ ಬೇಡ, ಕೆಳಗಿನದೂ ಬೇಡ ನನಗೆ. ಇಲ್ಲಿ ಕೊಡುವವರು ನೀವು, ಕೇಳಲು ಬಂದವಳು ನಾನು. ಕುರ್ಚಿ ತಳ್ಳಿಕೊಂಡು ಕಿಟಕಿಗೆ ಬಂದು, ಕುಡಿ ಅಂತ ಒಂದು ಮಾತು ಹೇಳಿ. ಬೇಗ, ಆರುತ್ತಿದೆ.